ಜನ ಸೇರಿದರು, ಮಾತಾಡಿದರಾ? ದಾವಣಗೆರೆ–ಚಿತ್ರದುರ್ಗದಲ್ಲಿ ಸಹಭಾಗಿ ಕಲೆಯ ಲೆಕ್ಕಾಚಾರ

ಸರ್ಕಲ್ಲಿನಲ್ಲಿ ಊರಿನ ಹೆಸರಿನ ಆಳೆತ್ತರದ ಅಕ್ಷರಗಳು, ಕಾಂಪೌಂಡ್ ಗೋಡೆಗೆ ಬಣ್ಣಬಣ್ಣದ ಚಿತ್ರ, ಕಾಲೇಜು ಉತ್ಸವದಲ್ಲಿ ‘ನಿಮ್ಮ ಕನಸು ಬರೆಯಿರಿ’ ಎನ್ನುವ ಬೋರ್ಡು. ಜನರನ್ನು ಒಳಗೊಳ್ಳುವ ಕಲೆ ಎಂದು ಈಗ ಕರೆಸಿಕೊಳ್ಳುವುದು ಹೆಚ್ಚಾಗಿ ಇಂಥವೇ. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಮೂರರಲ್ಲೂ ಮನುಷ್ಯ ವ್ಯವಹರಿಸುವುದು ಅಕ್ಷರದ ಜತೆ, ಗೋಡೆಯ ಜತೆ, ತನ್ನ ಮೊಬೈಲಿನ ಜತೆ. ಪಕ್ಕದಲ್ಲಿ ನಿಂತವರ ಹತ್ತಿರ ‘ಸ್ವಲ್ಪ ಸರೀರಿ, ಫೋಟೊ’ ಅನ್ನುವುದರಾಚೆಗೆ ಮಾತು ಹುಟ್ಟುವುದಿಲ್ಲ.

ದಾವಣಗೆರೆಗೆ ಇದು ದೂರದ ಪ್ರಶ್ನೆಯಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಸುತ್ತಿಗೆ ಆಯ್ಕೆಯಾದ 20 ನಗರಗಳಲ್ಲಿ ಇದೂ ಒಂದು. ಅಲ್ಲಿಂದೀಚೆಗೆ ಊರಿನ ಬಯಲುಗಳನ್ನು ಚೆಂದಗಾಣಿಸುವ ಮಾತು ನಿಂತಿಲ್ಲ. ಇತ್ತ ದೃಶ್ಯಕಲಾ ಮಹಾವಿದ್ಯಾಲಯ ದಶಕಗಳಿಂದ ಮಧ್ಯ ಕರ್ನಾಟಕದ ಹಳ್ಳಿ–ಪಟ್ಟಣಗಳ ಹುಡುಗ ಹುಡುಗಿಯರನ್ನು ಕಲಾವಿದರನ್ನಾಗಿ ಮಾಡುತ್ತ ಬಂದಿದೆ. ಜಾಗವೂ ಇದೆ, ಕೈಗಳೂ ಇವೆ. ಕೊರತೆ ಇರುವುದು ಒಂದು ತಿಳಿವಳಿಕೆಯಲ್ಲಿ. ಜನ ಜನರನ್ನು ಭೇಟಿಯಾಗುವ ಕಲೆಯಲ್ಲಿ ಆ ಭೇಟಿಯೇ ಸಾಮಗ್ರಿ. ಶಿಲ್ಪಿ ಕಲ್ಲಿನ ಎಳೆ ನೋಡುವಷ್ಟೇ ಎಚ್ಚರದಿಂದ ಟೇಬಲಿನ ಅಗಲ, ಕಾಯುವ ಹೊತ್ತು, ಕೈಗೆ ಕೊಡುವ ಕೆಲಸ ಇವನ್ನೆಲ್ಲ ನೋಡಬೇಕು. ಅದನ್ನು ಬಿಟ್ಟು ಶಾಮಿಯಾನ, ಮೈಕು, ಅತಿಥಿಗಳ ಪಟ್ಟಿಯಿಂದ ಶುರು ಮಾಡಿದರೆ ಸಿಗುವುದು ಸಭಿಕರು ಮಾತ್ರ.

ಊಟ ಹಾಕಿದರೆ ಕಲೆಯಾ?

1992ರಲ್ಲಿ ನ್ಯೂಯಾರ್ಕಿನ 303 ಗ್ಯಾಲರಿಯಲ್ಲಿ ಥಾಯ್ ಕಲಾವಿದ ರಿರ್ಕ್ರಿತ್ ತಿರಾವನಿಜಾ ಕಚೇರಿಯ ಸಾಮಾನನ್ನೆಲ್ಲ ಪ್ರದರ್ಶನದ ಕೋಣೆಗೆ ಸಾಗಿಸಿ, ಒಳಗಡೆ ಒಲೆ ಹೂಡಿ, ಬಂದವರಿಗೆಲ್ಲ ಅನ್ನ ಮತ್ತು ಥಾಯ್ ಕರಿಯನ್ನು ಪುಕ್ಕಟೆ ಬಡಿಸಿದರು. ಇಂಥ ಕೆಲಸಗಳನ್ನು ಮುಂದಿಟ್ಟುಕೊಂಡೇ ಫ್ರೆಂಚ್ ವಿಮರ್ಶಕ ನಿಕೋಲಾ ಬೂರಿಯೋ 1998ರಲ್ಲಿ ‘ರಿಲೇಷನಲ್ ಈಸ್ಥೆಟಿಕ್ಸ್’ ವಾದವನ್ನು ಪುಸ್ತಕವಾಗಿ ತಂದರು. ಮನುಷ್ಯ ಸಂಬಂಧಗಳನ್ನೇ ಕೃತಿಯ ವಸ್ತುವಾಗಿ ನೋಡಬೇಕು ಎಂಬುದು ಅದರ ತಿರುಳು. 2004ರಲ್ಲಿ ಕಲಾ ವಿಮರ್ಶಕಿ ಕ್ಲೇರ್ ಬಿಷಪ್ ‘ಅಕ್ಟೋಬರ್’ ಎಂಬ ಕಲಾ ಪತ್ರಿಕೆಯಲ್ಲಿ ಇದಕ್ಕೆ ಗಟ್ಟಿ ಆಕ್ಷೇಪ ಎತ್ತಿದರು. ಸಂಬಂಧ ಹುಟ್ಟಿತು ಅಂದರೆ ಸಾಲದು. ಎಂಥ ಸಂಬಂಧ, ಯಾರಿಗಾಗಿ, ಏಕೆ ಎಂದು ಕೇಳಬೇಕು. ಗ್ಯಾಲರಿಗೆ ಬರುವವರು ಮೊದಲೇ ಒಂದೇ ಅಭಿರುಚಿಯ ಬಳಗದವರು, ಅಲ್ಲಿ ಹೊಂದಾಣಿಕೆ ಸುಲಭ, ಆದ್ದರಿಂದ ಅದನ್ನು ಪ್ರಜಾಪ್ರಭುತ್ವ ಎಂದು ಹಾಡಿಹೊಗಳುವುದು ಸರಿಯಲ್ಲ ಎಂದರು.

ನಮ್ಮ ಸೀಮೆಯಲ್ಲಿ ಬಿಷಪ್ ಅವರ ಪ್ರಶ್ನೆಗೆ ಇನ್ನೂ ಹೆಚ್ಚು ತೂಕ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇರುದ್ರಸ್ವಾಮಿಯ ನಾಯಕನಹಟ್ಟಿ ಇರುವ ಜಿಲ್ಲೆಯಲ್ಲಿ, ಮಠಗಳ ದಾಸೋಹ ದಿನವೂ ನಡೆಯುವ ನಾಡಿನಲ್ಲಿ, ಪುಕ್ಕಟೆ ಊಟ ಯಾರನ್ನೂ ಬೆರಗುಗೊಳಿಸುವುದಿಲ್ಲ. ಸಾವಿರಾರು ಜನರಿಗೆ ಬಡಿಸುವ ಕೌಶಲದಲ್ಲಿ ಯಾವ ಕಲಾವಿದರೂ ಜಾತ್ರೆಯ ಭಟ್ಟರನ್ನು ಮೀರಿಸಲಾರರು. ಆದರೆ ಪಂಕ್ತಿ ಊಟದ ವ್ಯವಸ್ಥೆ ಹಸಿವಿಗಾಗಿ ರೂಪುಗೊಂಡದ್ದು. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ಬಡಿಸುವವರು ಮುಂದೆ ಹಾದುಹೋಗುತ್ತಾರೆ, ಉಂಡು ಎಲೆ ಮಡಚಿ ಏಳುತ್ತಾರೆ. ಪಕ್ಕದವರ ಜತೆ ಒಂದು ಮಾತೂ ಆಡದೆ ಊಟ ಮುಗಿಸಬಹುದು. ಕಲೆ ಇಲ್ಲಿ ಏನಾದರೂ ಸೇರಿಸುವುದಿದ್ದರೆ ಅದು ಅನ್ನಕ್ಕಲ್ಲ, ಕೂರುವ ಕ್ರಮಕ್ಕೆ.

ಮಂಡಕ್ಕಿ ಟೇಬಲ್: ಒಂದು ನಕ್ಷೆ

ದಾವಣಗೆರೆಗೆ ತಕ್ಕ ಸಾಮಗ್ರಿ ಹುಡುಕುವವರು ಮಂಡಕ್ಕಿಯನ್ನು ಬಿಟ್ಟು ಬೇರೆಡೆ ಹೋಗಬೇಕಾಗಿಲ್ಲ. ಸಂಜೆ ಮಂಡಕ್ಕಿ–ಮೆಣಸಿನಕಾಯಿ ತಿನ್ನದ ಜಾತಿ, ಮತ, ಕಸುಬು ಈ ಊರಲ್ಲಿಲ್ಲ. ಹಳೇ ಊರಿನ ಭಟ್ಟಿಗಳಲ್ಲಿ ಕಾದ ಮರಳಿನ ಹೊಗೆ, ಶಾಖದ ನಡುವೆ ಅದನ್ನು ಹುರಿಯುವವರ ಕಸುಬೂ ಇದೇ ಊರಿನದು. ಈ ಎರಡು ಕಡೆಯವರು ಒಂದೇ ಟೇಬಲಿಗೆ ಬರುವಂತೆ ಮಾಡುವುದು ಹೇಗೆ ಎಂಬುದೇ ಇಲ್ಲಿನ ಕೃತಿ.

ಮೊದಲು ಅಗಲ. ಶಾಮಿಯಾನ ಅಂಗಡಿಯ ಊಟದ ಟೇಬಲ್ ಒಂದೇ ಕಡೆ ಕೂರಲೆಂದು ಮಾಡಿದ್ದು, ಸುಮಾರು ಒಂದೂವರೆ ಅಡಿ ಅಗಲ. ಎದುರುಬದುರು ಕೂರಿಸಿದರೆ ಮೊಣಕಾಲು ತಾಗುತ್ತದೆ. ಗುರುತಿಲ್ಲದ ಗಂಡು–ಹೆಣ್ಣು ಅಲ್ಲಿ ಕೂರುವುದೇ ಇಲ್ಲ. ಎರಡು ಟೇಬಲ್ ಜೋಡಿಸಿದರೆ ಮೂರಡಿಯಾಗಿ, ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಂಥ ಗದ್ದಲದಲ್ಲಿ ಎದುರಿನವರ ಮಾತು ಕೇಳಿಸುವುದಿಲ್ಲ, ಜನ ಪಕ್ಕದಲ್ಲಿ ಕೂತ ಸ್ನೇಹಿತರ ಕಡೆಗೇ ತಿರುಗುತ್ತಾರೆ. ಎರಡು ಅಡಿ ಸರಿಯಾದ ಅಳತೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಸೀಳಿದರೆ ಎರಡಡಿ ಅಗಲದ ಎರಡು ಹಲಗೆ ಸಿಗುತ್ತವೆ. ಒಂದೊಂದರಲ್ಲಿ ಆ ಕಡೆ ನಾಲ್ವರು, ಈ ಕಡೆ ನಾಲ್ವರು. ಎರಡು ಹಾಳೆ ತಂದರೆ ಮೂರು ಹಲಗೆ 24 ಜನರಿಗೆ, ನಾಲ್ಕನೆಯದು ಸಾಮಾನು ಇಡಲು. ಪ್ಲೈ 12 ಮಿ.ಮೀ. ದಪ್ಪದ್ದಾದರೆ ಎರಡು ತುದಿಗಷ್ಟೇ ಆಸರೆ ಕೊಟ್ಟು ಬಿಡಬೇಡಿ, ನಡುವೆ ಬಾಗುತ್ತದೆ. ಮಧ್ಯಕ್ಕೂ ಒಂದು ಕುದುರೆ, ಅಂದರೆ ಕಾಲಿರುವ ಮರದ ಆಸರೆ, ಬೇಕು. ಸೀಳಿದ ಅಂಚನ್ನು ಮರಳು ಕಾಗದದಿಂದ ಉಜ್ಜದಿದ್ದರೆ ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಕೆಲಸದ ಹಂಚಿಕೆ. ನಾಲ್ವರಿಗೆ ಒಂದು ಬೇಸಿನ್. ಒಬ್ಬರ ಮುಂದೆ ಮಂಡಕ್ಕಿ ಮಾತ್ರ, ಎದುರಿನವರ ಮುಂದೆ ಇಡೀ ಈರುಳ್ಳಿ, ಟೊಮ್ಯಾಟೊ, ಸಣ್ಣ ಚಾಕು. ಮೂರನೆಯವರಲ್ಲಿ ಎಣ್ಣೆ, ಖಾರದಪುಡಿ, ಉಪ್ಪು, ಹುರಿಗಡಲೆ ಪುಡಿ. ನಾಲ್ಕನೆಯವರಲ್ಲಿ ನಿಂಬೆ, ಕೊತ್ತಂಬರಿ. ಯಾರೊಬ್ಬರ ಹತ್ತಿರವೂ ತಿನ್ನಲು ಸಾಕಾಗುವಷ್ಟಿಲ್ಲ. ‘ಪರಸ್ಪರ ಪರಿಚಯ ಮಾಡಿಕೊಳ್ಳಿ’ ಎಂದು ಮೈಕಿನಲ್ಲಿ ಹೇಳಿದರೆ ಜನ ಮುದುಡಿಕೊಳ್ಳುತ್ತಾರೆ. ‘ಖಾರ ಜಾಸ್ತಿ ಆಯ್ತಾ ನೋಡ್ರಿ’ ಎಂಬ ಮಾತಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಈರುಳ್ಳಿಯನ್ನು ಮೊದಲೇ ಹೆಚ್ಚಿಡುವುದು ಸಂಘಟಕರು ಮಾಡುವ ದೊಡ್ಡ ತಪ್ಪು. ಹೆಚ್ಚುವ ಆ ಐದಾರು ನಿಮಿಷದಲ್ಲೇ, ಕಣ್ಣಲ್ಲಿ ನೀರು ಬರುವಾಗಲೇ, ಮೊದಲ ಮಾತು ಹೊರಡುವುದು.

24 ಜನರ ಒಂದು ಸುತ್ತಿಗೆ ಅಂದಾಜು ಹೀಗಿರಲಿ: ಮಂಡಕ್ಕಿ ಒಂದೂವರೆ ಕೆ.ಜಿ., ಈರುಳ್ಳಿ ಒಂದು ಕೆ.ಜಿ., ಟೊಮ್ಯಾಟೊ ಮುಕ್ಕಾಲು ಕೆ.ಜಿ., ಹುರಿಗಡಲೆ ಪುಡಿ 300 ಗ್ರಾಂ, ಎಣ್ಣೆ ಕಾಲು ಲೀಟರ್, ನಿಂಬೆ ಆರು, ಕೊತ್ತಂಬರಿ ಎರಡು ಕಟ್ಟು, ತಲೆಗೆರಡರಂತೆ ಮೆಣಸಿನಕಾಯಿ ಬಜ್ಜಿ 48. ಕಾಲು ಕೆ.ಜಿ. ಮಂಡಕ್ಕಿ ತೂಕಕ್ಕೆ ಹಗುರವಾದರೂ ಮೂರು ಲೀಟರಿನಷ್ಟು ಜಾಗ ಹಿಡಿಯುತ್ತದೆ. ಆದ್ದರಿಂದ ಎಂಟು–ಹತ್ತು ಲೀಟರಿನ ಅಗಲ ಬೇಸಿನ್ ಬೇಕು. ಚಿಕ್ಕದಾದರೆ ಕಲಸುವಾಗ ಅರ್ಧ ಟೇಬಲಿನ ಮೇಲಿರುತ್ತದೆ. ಈರುಳ್ಳಿ ತಿನ್ನದವರು, ಆ ದಿನ ವ್ರತ ಇರುವವರು ಇದ್ದೇ ಇರುತ್ತಾರೆ. ಅವರಿಗೆಂದು ಬೇರೆ ಟೇಬಲ್ ಹಾಕಿದಿರೋ, ಊರಿನ ಗೋಡೆಗಳನ್ನೇ ಟೇಬಲಿಗೆ ತಂದಂತೆ. ಎಲ್ಲ ಬೇಸಿನ್ನುಗಳಲ್ಲೂ ಹೆಚ್ಚಿದ ಈರುಳ್ಳಿ ಬೇರೆ ಬಟ್ಟಲಲ್ಲೇ ಉಳಿದು, ಬೇಕಾದವರು ಕೊನೆಗೆ ಹಾಕಿಕೊಳ್ಳಲಿ. ರಂಜಾನ್ ತಿಂಗಳಲ್ಲಿ ಸಂಜೆ ಐದಕ್ಕೆ ಇಟ್ಟುಕೊಂಡರೆ ಹಳೇ ಊರಿನ ಅರ್ಧ ಜನ ಹೊರಗುಳಿಯುತ್ತಾರೆ. ಸೂಚನೆಯ ಹಲಗೆ ಕನ್ನಡದ ಜತೆ ಉರ್ದುವಿನಲ್ಲೂ ಇರಲಿ.

ಮೂರನೆಯದು ಹೊತ್ತು, ಮತ್ತು ನಮ್ಮಲ್ಲಿ ಹೆಚ್ಚು ಕೆಡುವುದು ಇಲ್ಲಿಯೇ. ಟೊಮ್ಯಾಟೊ, ಎಣ್ಣೆ ಬಿದ್ದ ಮೇಲೆ ಮಂಡಕ್ಕಿ ಗರಿಗರಿಯಾಗಿ ಉಳಿಯುವುದು ಐದಾರು ನಿಮಿಷ. ಆಮೇಲೆ ಮೆತ್ತಗಾಗಿ ಮುದ್ದೆ ಕಟ್ಟುತ್ತದೆ. ಕಲಸಿದ ಮೇಲೆ ‘ಈಗ ಮುಖ್ಯ ಅತಿಥಿಗಳಿಂದ ಎರಡು ಮಾತು’ ಎಂದರೆ ಕೃತಿ ಅಲ್ಲಿಗೆ ಮುಗಿಯಿತು. ಉದ್ಘಾಟನೆ ಬೇಕೇಬೇಕು ಎಂದು ಮೇಲಿನವರು ಹಟ ಹಿಡಿದರೆ ಅತಿಥಿಯನ್ನೂ ಒಂದು ಬೇಸಿನ್ನಿಗೆ ಕೂರಿಸಿ ಈರುಳ್ಳಿ ಕೊಡಿ. ವೇದಿಕೆ ಬೇಡ, ಹಾರ ಬೇಡ. ಒಂದು ಸುತ್ತಿಗೆ 40 ನಿಮಿಷ ಹಿಡಿದರೆ, ಐದೂವರೆಯಿಂದ ಏಳೂವರೆಯವರೆಗೆ ಮೂರು ಸುತ್ತು, 72 ಜನ. ಪಾಲಿಕೆಯವರಿಗೋ ಪ್ರಾಯೋಜಕರಿಗೋ ಈ ಸಂಖ್ಯೆ ಚಿಕ್ಕದೆನಿಸಬಹುದು. 500 ಜನರಿಗೆ ಹಿಗ್ಗಿಸಿದರೆ ಬಡಿಸಲು ಸ್ವಯಂಸೇವಕರು ಬೇಕಾಗುತ್ತಾರೆ, ಸಾಲು ಹುಟ್ಟುತ್ತದೆ, ಮತ್ತೆ ಪಂಕ್ತಿ ಊಟವೇ.

ಜಾಗ ಯಾವುದು? ಗಾಜಿನ ಮನೆಯ ಹುಲ್ಲುಹಾಸು ಚೆಂದ, ಆದರೆ ಅಲ್ಲಿಗೆ ಬರುವವರು ಸಂಸಾರ ಸಮೇತ ವಿಹಾರಕ್ಕೆ, ಫೋಟೊಗೆ. ಕಾಲೇಜಿನ ಗ್ಯಾಲರಿಯಲ್ಲಿಟ್ಟರೆ ವಿದ್ಯಾರ್ಥಿಗಳು, ಅವರ ಬಂಧುಬಳಗ. ಬಿಷಪ್ ಹೇಳಿದ ಒಂದೇ ಬಳಗ. ಭಟ್ಟಿಗಳ ಬೀದಿಯಲ್ಲೇ ಹಾಕುವ ಆಸೆ ಕಲಾವಿದರಿಗೆ ಬರುತ್ತದೆ, ಆದರೆ ಹೊರಗಿನವರು ಬಂದು ಶ್ರಮಿಕರನ್ನು ನೋಡಿ ಹೋಗುವ ಪ್ರವಾಸವಾಗಿಬಿಡುವ ಅಪಾಯ ಅಲ್ಲಿದೆ. ಮಂಡಿಪೇಟೆಯ ಹಾಗೆ ಅಂಗಡಿ, ಹಮಾಲಿ, ಗಿರಾಕಿ, ಆಟೊದವರು ಮೊದಲೇ ಬೆರೆಯುವ ಜಾಗ, ಬೆಳಕು ಮತ್ತು ಹತ್ತಿರದಲ್ಲೊಂದು ಶೌಚಾಲಯ ಇದ್ದರೆ, ಎಲ್ಲಕ್ಕಿಂತ ವಾಸಿ. ಶೌಚಾಲಯ ಇಲ್ಲದ ಕಡೆ ಹೆಂಗಸರು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂಬುದನ್ನು ಯೋಜನೆ ಬರೆಯುವ ಗಂಡಸರು ಮರೆಯುತ್ತಲೇ ಇರುತ್ತಾರೆ.

ಪ್ರಮಾಣಕ್ಕೂ ಅರ್ಥ ಬರಬೇಕು. ಫೆಲಿಕ್ಸ್ ಗೊನ್ಸಾಲೆಸ್–ಟೊರೆಸ್ 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡ ಸಂಗಾತಿಯ ನೆನಪಿಗೆ ಮೂಲೆಯಲ್ಲಿ ಮಿಠಾಯಿ ರಾಶಿ ಹಾಕಿದರು. ಅದರ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕೆ.ಜಿ., ಒಂದು ಆರೋಗ್ಯವಂತ ದೇಹದಷ್ಟು. ನೋಡಲು ಬಂದವರು ಒಂದೊಂದು ತೆಗೆದುಕೊಂಡಂತೆ ರಾಶಿ ಕರಗುತ್ತದೆ, ಮತ್ತೆ ತುಂಬಬಹುದು. ಮಂಡಕ್ಕಿ ಟೇಬಲಿನ ಪಕ್ಕದಲ್ಲಿ ಒಬ್ಬರು ಒಂದು ದಿನದಲ್ಲಿ ಹುರಿಯುವಷ್ಟು ಮಂಡಕ್ಕಿಯ ಚೀಲಗಳನ್ನು ಪೇರಿಸಿ, ಅದನ್ನು ಹುರಿದವರೇ ಒಂದು ಬೇಸಿನ್ನಿಗೆ ಕೂತರೆ, ಯಾವ ಫಲಕವೂ ಇಲ್ಲದೆ ಜನ ಕೂಲಿ ಎಷ್ಟು, ಭಟ್ಟಿ ಎಷ್ಟು ಹೊತ್ತು ಎಂದು ಕೇಳುತ್ತಾರೆ. ಹಾಗೆ ಬಂದವರಿಗೆ ಆ ದಿನದ ಕೂಲಿ ಕೊಡಲೇಬೇಕು, ಅದೂ ಮೊದಲೇ. ಕಲಾವಿದರಿಗೆ ಸಂಭಾವನೆ, ಶಾಮಿಯಾನದವರಿಗೆ ಬಾಡಿಗೆ, ಹುರಿಯುವ ಹೆಂಗಸಿಗೆ ಮಾತ್ರ ‘ಪಾಲ್ಗೊಳ್ಳುವ ಅವಕಾಶ’ ಎಂಬ ಬಜೆಟ್ಟು ನಾಚಿಕೆಗೇಡು.

ಚಾಕುವಿನ ಬಗ್ಗೆ ಒಂದು ಮಾತು. 1974ರಲ್ಲಿ ಇಟಲಿಯ ನೇಪಲ್ಸಿನಲ್ಲಿ ಕಲಾವಿದೆ ಮರೀನಾ ಅಬ್ರಮೊವಿಚ್ ಟೇಬಲಿನ ಮೇಲೆ 72 ವಸ್ತುಗಳನ್ನಿಟ್ಟು, ಆರು ಗಂಟೆ ತನ್ನ ಮೇಲೆ ಏನು ಬೇಕಾದರೂ ಪ್ರಯೋಗಿಸಬಹುದು ಎಂದರು. ಹೂವಿನಿಂದ ಶುರುವಾದದ್ದು ಬ್ಲೇಡು, ಬಂದೂಕಿನವರೆಗೆ ಹೋಯಿತು. ಜನರಿಗೆ ಪೂರ್ತಿ ಬಿಟ್ಟುಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂದು ನಂಬುವವರು ಆ ಕೃತಿಯನ್ನು ನೆನಪಿಟ್ಟುಕೊಳ್ಳಬೇಕು. ಮೂರಂಗುಲದ ಚಾಕು, ಎಣಿಸಿ ಕೊಟ್ಟು ಎಣಿಸಿ ವಾಪಸ್. ಟೇಬಲಿಗೊಬ್ಬರು, ಬೇಕಾದಾಗ ನಿಲ್ಲಿಸುವ ಅಧಿಕಾರ ಇರುವವರು, ಬಡಿಸದೆ ಸುಮ್ಮನೆ ಕೂತಿರಬೇಕು.

ಆಸೆ ಬರೆಯುವ ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2011ರಲ್ಲಿ ನ್ಯೂ ಆರ್ಲಿಯನ್ಸಿನ ಪಾಳುಮನೆಯೊಂದರ ಗೋಡೆಗೆ ಕ್ಯಾಂಡಿ ಚಾಂಗ್ ‘ಸಾಯುವ ಮೊದಲು ನಾನು...’ ಎಂಬ ಸಾಲುಗಳನ್ನು ಅಚ್ಚು ಹಾಕಿದಾಗ ಅದಕ್ಕೆ ಆ ಪಾಳುಮನೆಯ, ಆ ಬೀದಿಯ ಒಂದು ಕಾರಣವಿತ್ತು. ಅದರ ನಕಲುಗಳಲ್ಲಿ ಉಳಿಯುವುದು ಹೆಸರು, ಹೃದಯದ ಗುರುತು, ಪಕ್ಷದ ಘೋಷಣೆ. ಮಾಡಲೇಬೇಕೆಂದರೆ ಬರೆಯುವುದಕ್ಕೆ ಮೊದಲು ಬೇರೆಯವರ ಒಂದು ಚೀಟಿ ಓದಿ ಉತ್ತರಿಸಬೇಕು ಎಂಬ ನಿಯಮ ಹಾಕಿ. ಚೀಟಿಗಳು ಕಡಿಮೆಯಾಗುತ್ತವೆ, ಓದುಗರು ಹುಟ್ಟುತ್ತಾರೆ.

ನೀರಿನ ಘಟಕದ ಮುಂದಿನ ಅರ್ಧ ಗಂಟೆ

ಚಿತ್ರದುರ್ಗದ ಕಡೆಗೆ ಬಂದರೆ ಕಲಾವಿದರ ಮೊದಲ ಯೋಚನೆ ಕೋಟೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಅದು. ಒಳಗೆ ಕಾರ್ಯಕ್ರಮಕ್ಕೆ ಅನುಮತಿ ಬೇಕು, ಬೆಂಕಿ, ಮೊಳೆ, ಬಣ್ಣದ ಮಾತೇ ಇಲ್ಲ. ಸುತ್ತ 100 ಮೀಟರ್ ನಿರ್ಮಾಣ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ. ಅಷ್ಟೆಲ್ಲ ಓಡಾಡಿದರೂ ಸಿಗುವುದು ಪ್ರವಾಸಿಗರು. ಇದಕ್ಕಿಂತ ಫಲವತ್ತಾದ ಜಾಗ ಹಳ್ಳಿಗಳಲ್ಲಿ ಮೊದಲೇ ಇದೆ. ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಬಳಲುವ ಈ ಜಿಲ್ಲೆಯ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬಲು ಎರಡು ನಿಮಿಷ ಎನ್ನಿ. ಮುಂದೆ ಹದಿನೈದು ಕ್ಯಾನ್ ಇದ್ದರೆ ಅರ್ಧ ಗಂಟೆ. ಬಿಸಿಲಿನಲ್ಲಿ ನಿಂತು ಕಾಯುವ ಈ ಅರ್ಧ ಗಂಟೆಯನ್ನು ಯಾವ ಉತ್ಸವವೂ ಕೊಂಡುಕೊಳ್ಳಲಾರದು.

ಇದಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಮಾದರಿಯಿದೆ. ಛತ್ತೀಸಗಢದ ಬಸ್ತರಿನ ಕೊಂಡಗಾಂವ್ ಸುತ್ತಮುತ್ತ ಕಲಾವಿದೆ ನವಜೋತ್ ಅಲ್ತಾಫ್ ಅಲ್ಲಿನ ಆದಿವಾಸಿ ಕಲಾವಿದರ ಜತೆಗೂಡಿ ‘ನಲ್‌ಪಾರ್’ ಎಂಬ ಸರಣಿಯಲ್ಲಿ ಕೈಪಂಪುಗಳ ಪರಿಸರವನ್ನೇ ಮರುರೂಪಿಸಿದರು. ನೀರು ತರುವವರು ಹೆಂಗಸರು, ಮಕ್ಕಳು. ತುಂಬಿದ ಕೊಡವನ್ನು ನೆಲದಿಂದ ನೇರ ತಲೆಗೆ ಎತ್ತುವ ಶ್ರಮ ತಪ್ಪಿಸಲು ನಡುವೆ ಇಳಿಸಿಡುವ ಕಟ್ಟೆ, ಗೂಡುಗಳನ್ನು ಕಟ್ಟಿದರು. ಚೆಲ್ಲಿದ ನೀರು ಕೆಸರಾಗದಂತೆ ಹರಿದುಹೋಗುವ ದಾರಿ ಮಾಡಿದರು. ಗೋಡೆಗಳಲ್ಲಿ ಅಲ್ಲಿನ ಸಂಕೇತಗಳು ಬಂದವು. ಶಿಲ್ಪ, ಉಪಯೋಗ, ಹರಟೆ ಮೂರೂ ಒಂದೇ ಕಟ್ಟೆಯ ಮೇಲೆ.

ನಮ್ಮ ಘಟಕಗಳಿಗೆ ಅದನ್ನೇ ನಕಲು ಮಾಡಿದರೆ ಕೆಲಸಕ್ಕೆ ಬಾರದು. ಇಲ್ಲಿ ಹೊರೆ ತಲೆಗಲ್ಲ, ಬಹಳ ಸಲ ಮೊಪೆಡ್ಡಿಗೆ. ಆದ್ದರಿಂದ ಕಟ್ಟೆಯ ಎತ್ತರ ಮೊಪೆಡ್ ಸೀಟಿನಷ್ಟು, 75ರಿಂದ 80 ಸೆಂ.ಮೀ. ಇದ್ದರೆ ಕ್ಯಾನನ್ನು ಎತ್ತದೆ ಅಡ್ಡಕ್ಕೆ ಸರಿಸಬಹುದು. ಸೈಕಲ್ ಕ್ಯಾರಿಯರ್‌ಗೆ, ತಳ್ಳುಗಾಡಿಗೆ ಅದಕ್ಕಿಂತ ತಗ್ಗಿನ ಇನ್ನೊಂದು ಮೆಟ್ಟಿಲು ಬೇಕು. ಕೂರುವ ಕಟ್ಟೆ 45 ಸೆಂ.ಮೀ. ಎತ್ತರಕ್ಕೆ, ನೇರ ಸಾಲಾಗಿರದೆ ಬಿಲ್ಲಿನಂತೆ ಬಾಗಿರಲಿ. ನೇರ ಕಟ್ಟೆಯಲ್ಲಿ ಕೂತವರು ರಸ್ತೆ ನೋಡುತ್ತಾರೆ, ಬಾಗಿದ ಕಟ್ಟೆಯಲ್ಲಿ ಮುಖ ನೋಡುತ್ತಾರೆ. ಸರದಿ ತಪ್ಪುವ ಭಯ ಇರುವವರು ಕೂರುವುದಿಲ್ಲ. ಅದಕ್ಕೆ ಕ್ಯಾನುಗಳೇ ಸಾಲಿನಲ್ಲಿ ನಿಲ್ಲುವಂತೆ ನೆಲದಲ್ಲಿ ಒಂದಡಿ ಅಗಲದ ಚೌಕಗಳನ್ನು ಕಡಪಾ ಕಲ್ಲಿನಲ್ಲಿ ಹಾಕಿದರೆ ಕ್ಯಾನು ಸರದಿ ಕಾಯುತ್ತದೆ, ಮನುಷ್ಯರು ನೆರಳಲ್ಲಿ ಕೂರುತ್ತಾರೆ. ನೆರಳು ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಎಲ್ಲಿ ಬೀಳುತ್ತದೆಂದು ಸುಣ್ಣದಲ್ಲಿ ಗುರುತು ಹಾಕಿ ನೋಡದೆ ತಗಡು ಹೊದಿಸಬೇಡಿ. ಪಶ್ಚಿಮದ ಬಿಸಿಲು ಸೀದಾ ಕಟ್ಟೆಯ ಮೇಲೇ ಬಿದ್ದೀತು. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ, ಫ್ಲೋರೈಡ್ ಇನ್ನೂ ದಟ್ಟವಾಗಿರುತ್ತವೆ. ಚೆಂದ ಕಾಣುತ್ತದೆಂದು ಅದನ್ನು ತೊಟ್ಟಿ ಕಟ್ಟಿ ದನಕರುಗಳಿಗೆ ಬಿಡುವಂತಿಲ್ಲ.

ಇಲ್ಲೇ ಕಠಿಣ ಮಾತನ್ನೂ ಆಡಬೇಕು. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಚರಿತ್ರೆ ನಮ್ಮ ಹಳ್ಳಿಗಳದ್ದು. ನೀರು, ಕಟ್ಟೆ, ನೆರಳು ಯಾವುದೂ ಅಲ್ಲಿ ತಟಸ್ಥವಲ್ಲ. ಕಟ್ಟೆಯ ಯಾವ ತುದಿಗೆ ಯಾರು ಕೂರುತ್ತಾರೆ ಎಂದು ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ಎಲ್ಲರೂ ಕೂಡಿ ಬದುಕುವ ಚಿತ್ರ ಬರೆದು ಅದನ್ನು ಮುಚ್ಚುವುದು ಕಲೆಯ ಕೆಲಸವಲ್ಲ. ಒಂದೇ ಬೇಸಿನ್ನಿಗೆ ಕೈ ಹಾಕಿಸುವ ಪ್ರಯೋಗವನ್ನು ಊರಿನವರ ಒಪ್ಪಿಗೆ ಇಲ್ಲದೆ ಮಾಡುವುದೂ ತಪ್ಪು. ಕಲಾವಿದರು ಸಂಜೆ ಬಸ್ಸಿಗೆ ದುರ್ಗ ಸೇರುತ್ತಾರೆ, ಅದರ ಬೆಲೆ ತೆರುವವರು ಕಾಲೊನಿಯಲ್ಲೇ ಉಳಿಯುತ್ತಾರೆ. ಆದ್ದರಿಂದ ನಕ್ಷೆಯ ಮಾತು ಪಂಚಾಯಿತಿ ಕಟ್ಟಡದಲ್ಲಿ ಮಾತ್ರ ನಡೆಯದೆ ಕಾಲೊನಿಯಲ್ಲಿ ಮೊದಲು ನಡೆಯಬೇಕು. ಘಟಕದ ಬಾಗಿಲು, ಕಟ್ಟೆ ಯಾವ ಕಡೆಗೆ ತೆರೆದರೆ ತಮಗೆ ಬರಲು ಅನುಕೂಲ ಎಂದು ಅಲ್ಲಿನ ಹೆಂಗಸರು ಹೇಳಿದ್ದೇ ಅಳತೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಆ ಮಾತು ತೆಲುಗಿನಲ್ಲೂ ನಡೆಯಬೇಕಾದೀತು. ಸುಝಾನ್ ಲೇಸಿ 1987ರಲ್ಲಿ ಮಿನಿಯಾಪೊಲಿಸ್‌ನಲ್ಲಿ 430 ಹಿರಿಯ ಹೆಂಗಸರನ್ನು ಟೇಬಲುಗಳಿಗೆ ಕೂರಿಸಿ ವಯಸ್ಸಾಗುವುದರ ಬಗ್ಗೆ ಮಾತಾಡಿಸಿದ ‘ಕ್ರಿಸ್ಟಲ್ ಕ್ವಿಲ್ಟ್’ ಪ್ರದರ್ಶನವಾಗಿ ನಡೆದದ್ದು ಒಂದು ತಾಯಂದಿರ ದಿನ; ಅದರ ಹಿಂದಿನ ತಯಾರಿಗೆ ವರ್ಷಗಳೇ ಹಿಡಿದಿದ್ದವು. ನಮ್ಮ ಅನುದಾನಗಳು ಮಾರ್ಚ್ ಒಳಗೆ ಬಿಲ್ ಕೇಳುತ್ತವೆ.

ಎಣಿಸುವುದು ಏನನ್ನು?

ಕಾರ್ಯಕ್ರಮ ಮುಗಿದ ಮೇಲೆ ವರದಿಯಲ್ಲಿ ಬರುವುದು ತಲೆಯೆಣಿಕೆ ಮತ್ತು ಡ್ರೋನ್ ಫೋಟೊ. ಎರಡರಿಂದಲೂ ತಿಳಿಯುವುದು ಕಡಿಮೆ. ಒಂದು ಸರಳ ವಿಧಾನವಿದೆ. ಜತೆಯಾಗಿ ಬಂದವರಿಗೆಲ್ಲ ಒಂದೇ ಬಣ್ಣದ ಟೋಕನ್ ಕೊಡಿ, ಒಂದೇ ಬಣ್ಣದವರನ್ನು ಒಂದೇ ಬೇಸಿನ್ನಿಗೆ ಕೂರಿಸಬೇಡಿ. ಚಿಕ್ಕ ಮಕ್ಕಳು, ಅವರ ತಾಯಂದಿರನ್ನು ಮಾತ್ರ ಬೇರ್ಪಡಿಸುವಂತಿಲ್ಲ. ತಿಂದು ಮುಗಿದ ಹತ್ತು ನಿಮಿಷದ ಮೇಲೂ ಬೇರೆ ಬೇರೆ ಬಣ್ಣದವರು ಎಷ್ಟು ಮಂದಿ ಒಟ್ಟಿಗೆ ಕೂತಿದ್ದಾರೆ ಎಂದು ನೋಡಿ ಬರೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಇಬ್ಬರು, ಮೂರನೆಯದರಲ್ಲಿ ಎಂಟು ಮಂದಿ ಎಂದು ಬಂದರೆ, ನಡುವೆ ಏನು ಬದಲಾಯಿಸಿದಿರಿ ಎಂದು ಹುಡುಕಬಹುದು. ಮೊದಲ 20 ನಿಮಿಷ ಕ್ಯಾಮೆರಾ ಬೇಡ. ಲೆನ್ಸ್ ಕಂಡ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡಿ ನಗುತ್ತಾರೆ, ಮಾತು ನಿಲ್ಲುತ್ತದೆ. ತೆಗೆದ ಫೋಟೊವನ್ನು ಎಲ್ಲಿ ಹಾಕುತ್ತೀರೆಂದು ಹೇಳಿ ಒಪ್ಪಿಗೆ ಪಡೆಯಿರಿ. ಹಳೇ ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಮುಂದಿನ ಸಲ ಬರುವುದೋ ಬಿಡುವುದೋ ಎಂಬುದು ಆ ಫೋಟೊದ ಮೇಲೆ ನಿಂತಿರುತ್ತದೆ.

ಕಟ್ಟೆಯಂಥ ಶಾಶ್ವತ ಕೆಲಸಕ್ಕೆ ಎಣಿಕೆ ಬೇರೆ. ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ 1982ರಲ್ಲಿ ಅಲ್ಲಿನ ಕಾಸೆಲ್ ನಗರದಲ್ಲಿ 7000 ಓಕ್ ಗಿಡಗಳ ಯೋಜನೆ ಶುರುಮಾಡಿದಾಗ ಮ್ಯೂಸಿಯಂ ಎದುರಿಗೆ ಅಷ್ಟೇ ಬಸಾಲ್ಟ್ ಕಂಬಗಳನ್ನು ರಾಶಿ ಹಾಕಿಸಿದರು. ಒಂದು ಗಿಡ ನೆಟ್ಟರೆ ಒಂದು ಕಲ್ಲು ಅದರ ಪಕ್ಕಕ್ಕೆ ಹೋಗಬೇಕು. ಕೆಲಸ ಎಷ್ಟು ಬಾಕಿಯಿದೆ ಎಂದು ಊರಿಗೆ ಊರೇ ನೋಡಬಹುದಿತ್ತು. ಮುಗಿದದ್ದು 1987ರಲ್ಲಿ, ಬಾಯ್ಸ್ ತೀರಿಕೊಂಡ ಮರುವರ್ಷ. ನೀರಿನ ಕಟ್ಟೆಗೆ ಇಂಥದೊಂದು ಬಯಲಿನ ಲೆಕ್ಕ ಬೇಕು. ಸಿಮೆಂಟಿನ ಅಂಚು ಮೊದಲ ವರ್ಷವೇ ಕ್ಯಾನಿನ ಪೆಟ್ಟಿಗೆ ಒಡೆಯುತ್ತದೆ, ಆದ್ದರಿಂದ ಅಂಚಿಗೆ ಕಲ್ಲೇ ಇರಲಿ. ಒಟ್ಟು ಹಣದಲ್ಲಿ ಹತ್ತರಲ್ಲಿ ಒಂದು ಪಾಲು ರಿಪೇರಿಗೆಂದು ಪಂಚಾಯಿತಿ ಮತ್ತು ಊರಿನ ಸ್ತ್ರೀಶಕ್ತಿ ಸಂಘದ ಜಂಟಿ ಖಾತೆಯಲ್ಲಿರಲಿ. ಕಲಾವಿದರು ಆರು ತಿಂಗಳ ನಂತರ ಮತ್ತೆ ಬಂದು ಕಟ್ಟೆ ಹೇಗೆ ಬಳಕೆಯಾಗುತ್ತಿದೆ, ಯಾರು ಕೂರುತ್ತಿಲ್ಲ, ಯಾವ ಚೌಕ ಖಾಲಿ ಎಂದು ನೋಡಿ ತಿದ್ದುವ ದಿನಾಂಕ ಮೊದಲ ಒಪ್ಪಂದದಲ್ಲೇ ಬರೆದಿರಬೇಕು. ಆ ಎರಡನೇ ಪ್ರಯಾಣದ ಬಸ್‌ಚಾರ್ಜ್, ಕೂಲಿ ಬಜೆಟ್ಟಿನಲ್ಲಿ ಕಾಣದಿದ್ದರೆ ಪಂಚಾಯಿತಿಯವರು ಆ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ.